ಮಳೆಗೆ ಮೊದಲೇ ಮದ್ದು



ಮೇ ತಿಂಗಳ ಕೊನೆಗೆ ಸುಬ್ರಹ್ಮಣ್ಯದ ಆಸುಪಾಸಿನ ಯಾವ ಅಡಿಕೆ ತೋಟಕ್ಕೆ ಹೋದರೂ ನೀಲಿ ನೀರು ತುಂಬಿದ ಒಂದು ಡ್ರಮ್ಮು ಕಣ್ಣಿಗೆ ಬೀಳುತ್ತದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಒಟ್ಟು ನೂರು ಲೀಟರ್ ಆಗುವಂತೆ ಕೂಡಿಸಿದರೆ ಬೋರ್ಡೋ ದ್ರಾವಣ. ಹದ ಸರಿಯಾಯಿತೋ ಇಲ್ಲವೋ ನೋಡಲು ಉಜ್ಜಿದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲಲಿಲ್ಲ ಎಂದು ಲೆಕ್ಕ. ಇದನ್ನು ಅಡಿಕೆ ಗೊನೆಗೆ ಹೊಡೆಯುವುದಕ್ಕೆ ನಮ್ಮ ಕಡೆ ‘ಮದ್ದು ಬಿಡುವುದು’ ಎನ್ನುತ್ತಾರೆ. ಆ ಎರಡು ವಾರ ಮರ ಹತ್ತುವವರನ್ನು ಹಿಡಿಯುವುದೆಂದರೆ ಮಂತ್ರಿಯನ್ನು ಹಿಡಿದ ಹಾಗೆ.

ಮದ್ದು ಬಿಡುವ ಆ ದಿನ ಅಡಿಕೆಗೆ ಯಾವ ರೋಗವೂ ಇರುವುದಿಲ್ಲ. ಎಳೆಕಾಯಿ ಹಸಿರಾಗಿ ನಗುತ್ತಿರುತ್ತದೆ, ಆಕಾಶದಲ್ಲಿ ಮೋಡವೂ ಇಲ್ಲದಿರಬಹುದು. ಆದರೂ ನಾಲ್ಕು ಎಕರೆಯ ಕೃಷಿಕ ಸಾಲ ಮಾಡಿಯಾದರೂ ಮದ್ದು ಬಿಡಿಸುತ್ತಾನೆ. ಆಷಾಢದ ಮಳೆ ಹಿಡಿದು ಕೊಳೆರೋಗ ಒಮ್ಮೆ ತೋಟಕ್ಕೆ ಇಳಿದರೆ ಆಮೇಲೆ ಡ್ರಮ್ಮುಗಟ್ಟಲೆ ಹೊಡೆದರೂ ಉದುರಿದ ಕಾಯಿ ಮರಕ್ಕೆ ಹತ್ತುವುದಿಲ್ಲ ಎಂದು ಅವನಿಗೆ ಗೊತ್ತು. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಕೊಳೆರೋಗದ ಮೇಲೆ 1910ರಲ್ಲೇ ವರದಿ ಬರೆದು, ಮಳೆಗೆ ಮೊದಲು ಗೊನೆಗೆ ಈ ದ್ರಾವಣ ಹೊಡೆಯುವ ದಾರಿ ತೋರಿಸಿದರು. ನೂರು ವರ್ಷ ದಾಟಿದರೂ ಆ ಪಾಠವನ್ನು ನಮ್ಮ ಕೃಷಿಕರು ಮರೆತಿಲ್ಲ.

ಅದೇ ಮನೆಯಿಂದ ಅದೇ ಹೊತ್ತಿಗೆ ಮಗನೋ ಮಗಳೋ ಕಾಲೇಜಿಗೆ ಹೊರಡುತ್ತಾರೆ. ಆ ಮಕ್ಕಳಿಗೆ ಮಳೆಗಾಲದಲ್ಲಿ ಏನು ಬರುತ್ತದೆ ಎಂಬುದೂ ಮನೆಯವರಿಗೆ ಗೊತ್ತು. ಕೊಡೆ, ರೈನ್‌ಕೋಟು, ಹೊಸ ಚಪ್ಪಲಿ ತೆಗೆದುಕೊಡುತ್ತಾರೆ. ಜ್ವರದ ವಿಷಯದಲ್ಲಿ ಮಾತ್ರ, ಬಂದಾಗ ನೋಡಿಕೊಳ್ಳುವ ಎಂದು ಬಿಟ್ಟುಬಿಡುತ್ತಾರೆ. ಮೂವತ್ತು ವರ್ಷ ಈ ಕಡೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದ ನನಗೆ ಅಡಿಕೆ ಮರದ ರೋಗಕ್ಕೂ ತರಗತಿಯ ರೋಗಕ್ಕೂ ಇರುವ ಹೋಲಿಕೆ ಆಗಾಗ ಕಾಡಿದ್ದುಂಟು. ಇವತ್ತು ಅದನ್ನೇ ಹೇಳುತ್ತೇನೆ. ನಾನು ವೈದ್ಯನಲ್ಲ. ವೈದ್ಯರು ಹೇಳುವುದನ್ನು ಬೆಂಚಿನ ಈ ಕಡೆಯಿಂದ ನೋಡಿದವನು.

ನಾನು ಹೇಳುವ ತರಗತಿಯ ರೋಗ ಫ್ಲೂ. ಅದು ಚಳಿದೇಶದ ಕಾಯಿಲೆ, ಹಿಮ ಬೀಳುವ ಊರಿನದು ಎಂಬ ಭಾವನೆ ಹಲವರಲ್ಲಿದೆ. ಯುರೋಪು, ಅಮೆರಿಕದಲ್ಲಿ ಅದು ಡಿಸೆಂಬರ್, ಜನವರಿಯ ಕಾಯಿಲೆ ಹೌದು. ನಮ್ಮ ದೇಶದ ಹೆಚ್ಚಿನ ಭಾಗದಲ್ಲಿ ಅದು ಏರುವುದು ಮಳೆಗಾಲದಲ್ಲಿ, ಜುಲೈಯಿಂದ ಸೆಪ್ಟೆಂಬರ್ ಒಳಗೆ. ಜನವರಿಯಿಂದ ಮಾರ್ಚ್ ವರೆಗೆ ಇನ್ನೊಂದು ಚಿಕ್ಕ ಏರಿಕೆ ಇರುತ್ತದೆ. ಈ ದೊಡ್ಡ ಏರಿಕೆ ಶುರುವಾಗುವ ಹೊತ್ತಿಗೇ ನಮ್ಮ ಕಾಲೇಜುಗಳೂ ಬಾಗಿಲು ತೆರೆದಿರುತ್ತವೆ. ವೈರಸ್ಸು ಕ್ಯಾಲೆಂಡರ್ ನೋಡಿಕೊಂಡು ಬಂದ ಹಾಗೆ.

ಮಳೆಯಲ್ಲಿ ನೆನೆದರೆ ಜ್ವರ ಬರುತ್ತದೆ ಎಂದು ಅಜ್ಜಿಯಂದಿರು ಹೇಳಿದ್ದು ಅರ್ಧ ನಿಜ. ನೆನೆದದ್ದರಿಂದ ಫ್ಲೂ ಬರುವುದಿಲ್ಲ. ನೆನೆದವರೆಲ್ಲ ಆಮೇಲೆ ಎಲ್ಲಿ ಸೇರುತ್ತಾರೆ ನೋಡಿ. ಕೊಲ್ಲಮೊಗ್ರು, ಹರಿಹರ ಪಳ್ಳತ್ತಡ್ಕ, ಕಲ್ಮಕಾರು, ಗುತ್ತಿಗಾರು, ಬಿಳಿನೆಲೆ, ಪಂಜ ಕಡೆಯ ಮಕ್ಕಳು ಬೆಳಿಗ್ಗೆ ಸುಬ್ರಹ್ಮಣ್ಯಕ್ಕೆ ಬರುವ ಬಸ್ಸು, ಜೀಪುಗಳನ್ನು ನೆನಪಿಸಿಕೊಳ್ಳಿ. ಬಸ್ಸಿನ ಶಟರು ಪೂರ್ತಿ ಕೆಳಗೆ. ಜೀಪಿಗೆ ಸುತ್ತಲೂ ಟರ್ಪಾಲು. ಒಳಗೆ ಒದ್ದೆ ಕೊಡೆ, ಒದ್ದೆ ಬ್ಯಾಗು, ಒಬ್ಬರ ಮುಖಕ್ಕೆ ಇನ್ನೊಬ್ಬರ ಮುಖ ಒಂದು ಗೇಣು ದೂರ. ಅಲ್ಲಿ ಒಬ್ಬ ಕೆಮ್ಮಿದರೆ ಅದು ಹೊರಗೆ ಹೋಗುವ ದಾರಿಯೇ ಇಲ್ಲ. ಮುಕ್ಕಾಲು ಗಂಟೆ ಎಲ್ಲರೂ ಅದೇ ಗಾಳಿಯನ್ನು ಪಾಲು ಮಾಡಿಕೊಂಡು ಉಸಿರಾಡುತ್ತಾರೆ. ಕಾಲೇಜಿಗೆ ಬಂದರೆ ಅಲ್ಲಿಯೂ ಇರಚಲು ಹೊಡೆಯುತ್ತದೆಂದು ಕಿಟಕಿ ಹಾಕಿರುತ್ತಾರೆ.

ಇಲ್ಲಿ ಒಂದು ಮಾತು ನಡುವೆ ಸೇರಿಸುತ್ತೇನೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಮ್ಮ ಜಿಲ್ಲೆಯ ಶಾಲೆ ಕಾಲೇಜುಗಳೆಲ್ಲ ಹಂಚಿನ ಮಾಡಿನವಾದವು. ಹಂಚಿನ ಮಾಡಿಗೆ ಸಂದುಗಳಿರುತ್ತವೆ. ಗೋಡೆಗೂ ಮಾಡಿಗೂ ನಡುವೆ ಗಾಳಿಯಾಡುವ ಜಾಗ ಬಿಡುತ್ತಿದ್ದರು. ಬಿಸಿಗಾಳಿ ಮೇಲೆ ಹೋಗಿ ಹೊರಬೀಳುತ್ತಿತ್ತು, ಕಿಟಕಿ ಹಾಕಿದರೂ ಕೋಣೆ ಉಸಿರಾಡುತ್ತಿತ್ತು. ಮಳೆ ಜೋರಾದರೆ ಪಾಠ ಕೇಳಿಸುತ್ತಿರಲಿಲ್ಲ ಎಂಬುದೂ ನಿಜ. ಹಾಗೆ ಕೇಳಿಸದೇ ಹೋದ ನನ್ನ ಪಾಠಗಳಿಂದ ಯಾರಿಗೂ ದೊಡ್ಡ ನಷ್ಟವಾದ ಹಾಗಿಲ್ಲ. ಈಗ ಕಾಂಕ್ರೀಟು ಚಾವಣಿ, ಜಾರುವ ಗಾಜಿನ ಕಿಟಕಿ. ನೋಡಲು ಚಂದ, ಹಾಕಿದರೆ ಡಬ್ಬಿ. ಆದ್ದರಿಂದ ಮಳೆ ಯಾವ ದಿಕ್ಕಿನಿಂದ ಹೊಡೆಯುತ್ತದೋ ಅದರ ಎದುರು ಬದಿಯ ಎರಡು ಕಿಟಕಿಯನ್ನಾದರೂ ತೆರೆದಿಡಿ, ಫ್ಯಾನು ಹಾಕಿ. ಒಂದು ಬೆಂಚು ಒದ್ದೆಯಾದರೆ ಒರಸಿಕೊಳ್ಳಬಹುದು.

ಸುಬ್ರಹ್ಮಣ್ಯಕ್ಕೆ ಬೇರೆ ಕಾಲೇಜು ಊರುಗಳಿಗಿಲ್ಲದ ಒಂದು ವಿಶೇಷವೂ ಉಂಟು. ಇದು ಕ್ಷೇತ್ರ. ಆಶ್ಲೇಷಾ ಬಲಿಗೆ, ಸರ್ಪ ಸಂಸ್ಕಾರಕ್ಕೆ ಬೆಂಗಳೂರು, ಹುಬ್ಬಳ್ಳಿ, ಚೆನ್ನೈ, ಹೈದರಾಬಾದಿನಿಂದ ದಿನವೂ ಜನ ಬರುತ್ತಾರೆ. ನೆಟ್ಟಣದ ರೈಲ್ವೆ ಸ್ಟೇಶನ್ನಿನಲ್ಲಿ ಇಳಿದವರು, ಘಾಟಿ ಇಳಿದು ರಾತ್ರಿ ಬಸ್ಸಿನಲ್ಲಿ ಬಂದವರು, ಎಲ್ಲರೂ ಬೆಳಿಗ್ಗೆ ಅದೇ ರಥಬೀದಿಯಲ್ಲಿ, ಅದೇ ಹೋಟೆಲಿನಲ್ಲಿ, ಅದೇ ಬಸ್‌ಸ್ಟ್ಯಾಂಡಿನಲ್ಲಿ. ನವೆಂಬರ್ ಕೊನೆಗೋ ಡಿಸೆಂಬರಿಗೋ ಚಂಪಾಷಷ್ಠಿ ಬಂದರೆ ಕಾಲಿಡಲು ಜಾಗವಿಲ್ಲ. ಬೆಂಗಳೂರಿನಲ್ಲಿ ಈ ವಾರ ಹರಡಿದ ಜ್ವರ ಮುಂದಿನ ವಾರ ಕುಮಾರಧಾರೆಯ ದಡದಲ್ಲಿರುತ್ತದೆ. ಭಕ್ತರನ್ನು ದೂರುವ ಮಾತಲ್ಲ ಇದು. ನಮ್ಮದು ಒಳಗಿನ ಹಳ್ಳಿ, ಹೊರಗಿನದು ಇಲ್ಲಿಗೆ ಬಾರದು ಎಂದು ಇಲ್ಲಿಯ ಮಕ್ಕಳು ನೆಚ್ಚಿಕೊಳ್ಳುವಂತಿಲ್ಲ ಎಂದಷ್ಟೇ.

ಹುಡುಗರಿಗೆ ಜ್ವರವೆಂದರೆ ಸಸಾರ. ಮೂರು ದಿನ ಮಲಗಿ ಏಳುತ್ತೇವೆ ಎನ್ನುತ್ತಾರೆ. ಹೆಚ್ಚಿನವರು ಏಳುತ್ತಾರೆ ಕೂಡ. ಆದರೆ 1918ರ ಫ್ಲೂ ಮಹಾಜ್ವರವನ್ನು ನೋಡಿ. ಅದು ಜೂನ್ ತಿಂಗಳಲ್ಲಿ ಮುಂಬಯಿಗೆ ಬಂತು, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎರಡನೆಯ ಅಲೆಯಾಗಿ ದೇಶವನ್ನೇ ಗುಡಿಸಿತು. ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತರು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹಿಂದಿನ ಗಣತಿಗಿಂತ ಕಡಿಮೆ ಬಂತು. ನಮ್ಮ ಗಣತಿಯ ಚರಿತ್ರೆಯಲ್ಲಿ ಅಂಥ ದಶಕ ಅದೊಂದೇ. ಸತ್ತವರಲ್ಲಿ ಮುದುಕರು, ಹಸುಳೆಗಳಿಗಿಂತ ಎದ್ದು ಕಂಡವರು ಇಪ್ಪತ್ತರಿಂದ ನಲವತ್ತರ ಗಟ್ಟಿ ಪ್ರಾಯದವರು. 2009ರ ಎಚ್‌1ಎನ್‌1 ಕೂಡ ಹಿರಿಯರಿಗಿಂತ ಎಳೆಯರನ್ನೇ ಹೆಚ್ಚು ಹಿಡಿದದ್ದು. ಆ ಆಗಸ್ಟಿನಲ್ಲಿ ಪುಣೆಯಲ್ಲಿ ಶಾಲೆ ಕಾಲೇಜು ಮುಚ್ಚಿದ್ದನ್ನೂ ಮಾಸ್ಕಿಗೆ ಜನ ಸಾಲುಗಟ್ಟಿದ್ದನ್ನೂ ಕೇಳುಗರಲ್ಲಿ ಹಲವರು ಮರೆತಿರಲಿಕ್ಕಿಲ್ಲ.

ಇನ್ನು ಎಚ್‌3ಎನ್‌2 ಎಂಬ ತಳಿ ಇದೆ. ಅದಕ್ಕೆ ವಯಸ್ಸಾದವರೆಂದರೆ ಒಲವು. ಸುಬ್ರಹ್ಮಣ್ಯದಿಂದ ಬಿಸಿಲೆ ಘಾಟಿ ಹತ್ತಿದರೆ ಹಾಸನ ಜಿಲ್ಲೆ. 2023ರ ಮಾರ್ಚಿನಲ್ಲಿ ಅಲ್ಲಿಯ ಹಿರಿಯರೊಬ್ಬರು ಅದೇ ಜ್ವರದಿಂದ ತೀರಿಕೊಂಡ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹಾಗಾಗಿ ಕಾಲೇಜಿನ ಹುಡುಗ ತನಗೇನಾಗುತ್ತದೆ ಎಂಬುದನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಸಂಜೆ ಅವನು ಹೋಗುವುದು ಅಜ್ಜ ಅಜ್ಜಿ ಇರುವ ಮನೆಗೆ. ತೋಟದಲ್ಲಿಯೂ ಹೀಗೆಯೇ ಅಲ್ಲವೇ? ನಾನೊಬ್ಬ ಮದ್ದು ಬಿಡದಿದ್ದರೆ ನಷ್ಟ ನನ್ನದೊಂದೇ ತೋಟಕ್ಕಲ್ಲ, ಬೇಲಿಯಾಚೆಯವನ ಗೊನೆಗೂ ಕೊಳೆ ಹತ್ತುತ್ತದೆ.

ಈಗ ಮದ್ದಿನ ವಿಷಯ. ಫ್ಲೂವಿಗೆ ಲಸಿಕೆ ಇದೆ. ವೈರಸ್ಸು ವರ್ಷ ವರ್ಷ ವೇಷ ಬದಲಿಸುವುದರಿಂದ ಲಸಿಕೆಯನ್ನೂ ಬದಲಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆರಡು ಸಲ, ಫೆಬ್ರವರಿಯಲ್ಲೊಮ್ಮೆ ಸೆಪ್ಟೆಂಬರಿನಲ್ಲೊಮ್ಮೆ, ಯಾವ ತಳಿಗಳನ್ನು ಸೇರಿಸಬೇಕೆಂದು ಹೇಳುತ್ತದೆ. ಚುಚ್ಚಿಸಿಕೊಂಡ ಮೇಲೆ ರಕ್ಷಣೆ ಬೆಳೆಯಲು ಎರಡು ವಾರ ಬೇಕು. ನಮ್ಮ ಜ್ವರ ಮಳೆಯೊಂದಿಗೆ ಬರುವುದರಿಂದ ಚುಚ್ಚಿಸಿಕೊಳ್ಳುವ ಕಾಲ ಏಪ್ರಿಲ್, ಮೇ. ಸರಿಯಾಗಿ ತೋಟಕ್ಕೆ ಮದ್ದು ಬಿಡುವ ಕಾಲ! ಇದು ಪೂರ್ತಿ ಕೋಟೆಯಲ್ಲ. ತಳಿ ಸರಿಯಾಗಿ ಹೊಂದಿದ ವರ್ಷವೂ ವೈದ್ಯರವರೆಗೆ ಹೋಗಬೇಕಾಗುವ ಜ್ವರವನ್ನು ಶೇಕಡಾ 40ರಿಂದ 60ರಷ್ಟು ತಗ್ಗಿಸುತ್ತದೆ. ಬೋರ್ಡೋ ಹೊಡೆದ ಮರದಲ್ಲೂ ನಾಲ್ಕು ಕಾಯಿ ಉದುರುವುದಿಲ್ಲವೇ? ಆದರೆ ಇದು ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ. ಕೈಯಿಂದ ಸಾವಿರಕ್ಕೂ ಮೇಲೆ ಹಾಕಬೇಕಾಗುತ್ತದೆ. ಎಲ್ಲ ಮನೆಗೆ ಅದು ಆಗುವ ಖರ್ಚಲ್ಲ. ದುಡ್ಡು ಎಲ್ಲರಿಗೂ ಸಾಲದಿದ್ದರೆ ಮೊದಲ ಪಾಲು ದಮ್ಮು ಇರುವ ಮಗುವಿಗೆ, ಸಕ್ಕರೆ ಕಾಯಿಲೆಯ ಅಪ್ಪನಿಗೆ, ಮನೆಯ ಅಜ್ಜಿಗೆ, ಬಸುರಿಗೆ.

ಆಟಿ ಅಮಾವಾಸ್ಯೆಯ ಹಾಲೆ ಕೆತ್ತೆಯ ಕಷಾಯ ಕುಡಿದರೆ ವರ್ಷವಿಡೀ ಜ್ವರ ಬರುವುದಿಲ್ಲವಲ್ಲ ಎಂದು ಯಾರಾದರೂ ಕೇಳಿಯಾರು. ನಸುಕಿನಲ್ಲಿ ಎದ್ದು, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆದು, ಕಾಯಿಸಿದ ಬೆಣಚುಕಲ್ಲು ಹಾಕಿ ಒಗ್ಗರಣೆ ಕೊಟ್ಟ ಆ ಕಹಿಯನ್ನು ನಾನೂ ಪ್ರತಿ ವರ್ಷ ಕುಡಿಯುತ್ತೇನೆ, ಆಮೇಲೆ ಮೆಂತೆಗಂಜಿ ಸಿಗುತ್ತದೆ ಎಂಬ ಆಸೆಗೆ. ಅದು ಫ್ಲೂ ತಡೆಯುತ್ತದೆ ಎಂದು ಸಸ್ಯಶಾಸ್ತ್ರದ ಮೇಷ್ಟ್ರಾಗಿ ಹೇಳಲಾರೆ. ಒಂದು ಎಚ್ಚರ ಮಾತ್ರ ಹೇಳಿಬಿಡುತ್ತೇನೆ. ಮರ ಗೊತ್ತಿಲ್ಲದ ಕಾಲೇಜು ಹುಡುಗರನ್ನು ಕತ್ತಲಲ್ಲಿ ತೊಗಟೆಗೆ ಕಳುಹಿಸಬೇಡಿ. ಹಾಲೆ ಎಂದು ಕಾಸರಕದ ತೊಗಟೆ ತಂದರೆ ಅದರಲ್ಲಿರುವ ವಿಷ ಪ್ರಾಣ ತೆಗೆಯುವಂಥದ್ದು. ಹಗಲಿನಲ್ಲೇ ಮರ ನೋಡಿ ಗುರುತು ಕಟ್ಟಿ ಬರುವ ಹಳೆಯ ಕ್ರಮ ಸುಮ್ಮನೆ ಹುಟ್ಟಿದ್ದಲ್ಲ.

ಮಾಸ್ಕಿನ ಬಗ್ಗೆ ಮಾತೆತ್ತಿದರೆ ಕೊರೊನಾ ಮುಗಿಯಿತಲ್ಲ ಎಂದು ಮಕ್ಕಳು ನಗುತ್ತಾರೆ. ಹಿಂದೆ ಮಲೆನಾಡಿನಲ್ಲಿ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮಳೆ ಹನಿ ಕಾಯಿಗೆ ತಾಗದಂತೆ ಹುಲ್ಲಿನ ಮರೆ. ಮಾಸ್ಕೂ ಒಂದು ಕೊಟ್ಟೆಯೇ. ಅದರಿಂದೇನಾದೀತು ಎನ್ನುವವರಿಗೆ ಯಮಗಾಟ ವಂಶದ ಕತೆ ಹೇಳುತ್ತೇನೆ. ಇನ್‌ಫ್ಲುಯೆಂಜಾ ಬಿ ಎಂಬ ಜಾತಿಯಲ್ಲಿ ಎರಡು ವಂಶಗಳಿದ್ದವು, ವಿಕ್ಟೋರಿಯಾ ಮತ್ತು ಯಮಗಾಟ. 2020ರಲ್ಲಿ ಜಗತ್ತೇ ಬಾಗಿಲು ಹಾಕಿ, ಮೂಗು ಬಾಯಿ ಮುಚ್ಚಿ ಕೂತಿತಲ್ಲ, ಆಗ ಫ್ಲೂವಿಗೆ ಹೋಗಲು ಮೂಗುಗಳೇ ಸಿಗಲಿಲ್ಲ. ಆ ಮಾರ್ಚ್ ತಿಂಗಳ ನಂತರ ಯಮಗಾಟ ವಂಶದ ವೈರಸ್ಸು ಎಲ್ಲಿಯೂ ಖಚಿತವಾಗಿ ಸಿಕ್ಕಿಲ್ಲ. 2023ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇನ್ನು ಲಸಿಕೆಯಲ್ಲಿ ಅದು ಬೇಕಾಗಿಲ್ಲ ಎಂದಿತು. ನಾವು ಕೊರೊನಾಕ್ಕೆಂದು ಹಾಕಿಕೊಂಡ ಬಾಗಿಲಿಗೆ, ಕಟ್ಟಿಕೊಂಡ ಬಟ್ಟೆಗೆ ಫ್ಲೂವಿನ ಒಂದು ಮನೆತನವೇ ಬಿದ್ದುಹೋದ ಹಾಗಿದೆ. ಮಳೆಗಾಲ ಪೂರ್ತಿ ಮಾಸ್ಕು ಹಾಕಿ ಎಂದು ನಾನು ಹೇಳುವುದಿಲ್ಲ. ಶೀತ ಇದ್ದವರು ಬಸ್ಸಿನಲ್ಲಿ ಹಾಕಲಿ. ಒದ್ದೆಯಾದ ಮಾಸ್ಕು ಬೇಡ, ಒಂದು ಒಣಗಿದ್ದು ಬ್ಯಾಗಿನಲ್ಲಿರಲಿ.

ಕೈ ತೊಳೆಯುವುದೂ ಅಷ್ಟೇ. ಈ ವೈರಸ್ಸಿಗೆ ಮೈಮೇಲೆ ಕೊಬ್ಬಿನ ಹೊದಿಕೆ ಇದೆ. ಎಣ್ಣೆಪಾತ್ರೆ ತೊಳೆದವರಿಗೆ ಗೊತ್ತು, ಕೊಬ್ಬು ಬರೀ ನೀರಿಗೆ ಹೋಗುವುದಿಲ್ಲ, ಸೋಪಿಗೆ ಹೋಗುತ್ತದೆ. ಕಾಲೇಜಿನವರು ಕೈತೊಳೆಯುವ ನಳ್ಳಿಯ ಹತ್ತಿರ ಒಂದು ತುಂಡು ಸೋಪು ಇಟ್ಟರೆ ಗೋಡೆಗೆ ಅಂಟಿಸಿದ ಹತ್ತು ಭಿತ್ತಿಪತ್ರಕ್ಕಿಂತ ಹೆಚ್ಚು ಉಪಕಾರ. ಒಂದೇ ನೀರಿನ ಬಾಟಲಿ ಇಡೀ ಬೆಂಚಿಗೆ ಸುತ್ತುವ ಪ್ರೀತಿಯನ್ನು ಈ ಮೂರು ತಿಂಗಳು ಸ್ವಲ್ಪ ಕಡಿಮೆ ಮಾಡಿದರೂ ಸ್ನೇಹ ಉಳಿಯುತ್ತದೆ. ಹಾಸ್ಟೆಲಿನಲ್ಲಿ ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿ ಒಣಹಾಕಿ, ಕಿಟಕಿ ಮುಚ್ಚಿ, ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್ ನೋಡುವವರಿಗೆ ನಾನು ಏನೂ ಹೇಳುವುದಿಲ್ಲ, ಅವರ ಅಮ್ಮಂದಿರು ಹೇಳುತ್ತಿದ್ದಾರೆ.

ಈಗ ನನಗೆ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಫ್ಲೂ ಹಿಡಿದವನು ಇನ್ನೊಬ್ಬರಿಗೆ ಹಂಚುವುದು ಜ್ವರ ಕಾಣುವ ಹಿಂದಿನ ದಿನದಿಂದ ಶುರುವಾಗಿ ಐದರಿಂದ ಏಳು ದಿನ. ಅದರಲ್ಲೂ ಮೊದಲ ಮೂರು ದಿನ ಹೆಚ್ಚು. ಆ ದಿನಗಳಲ್ಲಿ ಅವನು ಮನೆಯಲ್ಲಿರಬೇಕು. ತೋಟದಲ್ಲಿ ಕೊಳೆತು ಬಿದ್ದ ಕಾಯಿಯನ್ನು ಹೆಕ್ಕಿ ಹೊರಗೆ ಹಾಕುವುದೂ ಮದ್ದಿನ ಒಂದು ಭಾಗವೇ. ಆದರೆ ಹುಡುಗ ಮನೆಯಲ್ಲಿರುವುದಿಲ್ಲ. ಕಣ್ಣು ಕೆಂಪಾಗಿ, ಸ್ವರ ಕಟ್ಟಿ, ಕೊನೆಯ ಬೆಂಚಿನಲ್ಲಿ ಮುದುಡಿ ಕೂತಿರುತ್ತಾನೆ. ಕೇಳಿದರೆ, “ಜ್ವರ ಎಂತದ್ದೂ ಇಲ್ಲ ಸರ್, ಸ್ವಲ್ಪ ಶೀತ ಮಾತ್ರ.” ಇನ್ನೂ ಒತ್ತಿ ಕೇಳಿದರೆ ನಿಜ ಹೊರಬರುತ್ತದೆ: “ಅಟೆಂಡೆನ್ಸ್ ಶಾರ್ಟೇಜ್ ಬರ್ತದೆ ಸರ್.”

ಶೇಕಡಾ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನಿಯಮವನ್ನು ನಾನೂ ಮೂವತ್ತು ವರ್ಷ ಕಟ್ಟುನಿಟ್ಟಾಗಿ ಹೇಳಿಕೊಂಡು ಬಂದವನು. ಆದರೆ ಲೆಕ್ಕ ಮಾಡಿ. ಒಂದು ಸೆಮಿಸ್ಟರಿಗೆ 90 ಪಾಠದ ದಿನ ಎಂದು ಹಿಡಿದರೆ ಕಾಲು ಪಾಲು 22 ದಿನ. ಫ್ಲೂ ತೆಗೆದುಕೊಳ್ಳುವುದು ಐದು ದಿನ. ಐದು ದಿನ ಮಲಗಿದವನಿಗೆ ಶಾರ್ಟೇಜು ಬರಲಾರದು, ಉಳಿದ 17 ದಿನವನ್ನು ಅವನು ಕುಮಾರ ಪರ್ವತದ ಚಾರಣಕ್ಕೆ ಕೊಟ್ಟಿಲ್ಲವಾದರೆ. ಇದನ್ನು ಕಾಲೇಜು ತೆರೆದ ಮೊದಲ ವಾರವೇ ಅಧ್ಯಾಪಕರು ಬೋರ್ಡಿನ ಮೇಲೆ ಬರೆದು ತೋರಿಸಬೇಕು. ಇಂಟರ್ನಲ್ ಪರೀಕ್ಷೆ ತಪ್ಪಿದವರಿಗೆ ಇನ್ನೊಂದು ದಿನ ಇಟ್ಟುಕೊಡುತ್ತೇವೆ ಎಂದೂ ಆಗಲೇ ಹೇಳಬೇಕು. ಜ್ವರ ಬಂದ ಮೇಲೆ ಹೇಳಿದರೆ ಅವನು ಆಗಲೇ ಬಸ್ಸು ಹತ್ತಿರುತ್ತಾನೆ. ಮಳೆ ಹೆಚ್ಚಾಗಿ ಕುಮಾರಧಾರೆಯ ಸ್ನಾನಘಟ್ಟ ಮುಳುಗಿದರೆ ಜಿಲ್ಲಾಧಿಕಾರಿಗಳ ರಜೆಗೆ ರಾತ್ರಿ ಹನ್ನೊಂದರವರೆಗೆ ಮೊಬೈಲ್ ಹಿಡಿದು ಕಾಯುತ್ತೇವೆ. ಜ್ವರದ ರಜೆಗೆ ಮಾತ್ರ ಎಲ್ಲರಿಗೂ ಸಂಕೋಚ.

ನನ್ನದೇ ಒಂದು ತಪ್ಪನ್ನೂ ಹೇಳಬೇಕು. ಒಂದು ಜುಲೈಯಲ್ಲಿ ನನಗೇ ಜ್ವರ. ಪೋರ್ಷನ್ ಮುಗಿಯಲಿಲ್ಲ ಎಂದು ಎರಡು ಮಾತ್ರೆ ನುಂಗಿ ಕ್ಲಾಸಿಗೆ ಹೋದೆ. ಮೂರು ದಿನ ಕಳೆದು ನೋಡಿದರೆ ಪ್ರಾಕ್ಟಿಕಲ್ ಬ್ಯಾಚಿನ ಅರ್ಧದಷ್ಟು ಜನ ಇಲ್ಲ. ಆ ವಾರ ಪೋರ್ಷನ್ ಮೊದಲಿಗಿಂತಲೂ ಹಿಂದೆ ಬಿತ್ತು.

ಜ್ವರ ಬಂದೇ ಬಂತು ಅನ್ನಿ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಶುಂಠಿ ಕಾಳುಮೆಣಸಿನ ಕಷಾಯ, ವಿಶ್ರಾಂತಿ, ಧಾರಾಳ ನೀರು. ಕಷಾಯ ವೈರಸ್ಸನ್ನು ಕೊಲ್ಲುವುದಿಲ್ಲ, ಗಂಟಲಿಗೆ ಹಿತ ಕೊಡುತ್ತದೆ, ಅಷ್ಟು ಸಾಕು. ಮೈಕೈ ನೋವಿಗೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನೀವೇ ತೆಗೆದುಕೊಳ್ಳಬೇಡಿ. ಜ್ವರ ಡೆಂಗಿಯದಾಗಿದ್ದರೆ ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಹಿಂದಿನ ಸಲ ಅಣ್ಣನಿಗೆ ಕೊಟ್ಟ ಆಂಟಿಬಯೋಟಿಕ್ ಕಪಾಟಿನಲ್ಲಿ ಉಳಿದಿದ್ದರೆ ಅದನ್ನು ಮುಟ್ಟಬೇಡಿ. ಆ ಮದ್ದು ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗೆ ಅಲ್ಲ. ಫ್ಲೂವಿಗೇ ಒಸೆಲ್ಟಾಮಿವಿರ್ ಎಂಬ ಮದ್ದು ಇದೆ. ಜ್ವರ ಶುರುವಾದ 48 ಗಂಟೆಯೊಳಗೆ ಅದನ್ನು ಕೊಟ್ಟರೆ ಹೆಚ್ಚು ಫಲ, ಕೊಡಬೇಕೋ ಬೇಡವೋ ವೈದ್ಯರ ತೀರ್ಮಾನ.

ನಮ್ಮ ತೋಟದ ಊರುಗಳಲ್ಲಿ ಮಳೆಗಾಲದ ಜ್ವರವೆಲ್ಲ ಫ್ಲೂ ಅಲ್ಲ ಎಂಬುದು ನೆನಪಿರಲಿ. ಅಡಿಕೆ ಹಾಳೆಯಲ್ಲಿ, ರಬ್ಬರ್ ಚಿಪ್ಪಿನಲ್ಲಿ ನಿಂತ ನೀರು ಡೆಂಗಿ ಸೊಳ್ಳೆಯ ತೊಟ್ಟಿಲು. ಕಣ್ಣಿನ ಹಿಂದೆ ನೋವು, ಮೈಮೇಲೆ ಕೆಂಪು ಗುಳ್ಳೆ, ಕೆಮ್ಮು ಶೀತ ಇಲ್ಲ ಎಂದಾದರೆ ಡೆಂಗಿಯ ಗುಮಾನಿ. ಗಾಯದ ಕಾಲಿನಲ್ಲಿ ತೋಡು, ಗದ್ದೆ ದಾಟಿದವರಿಗೆ ಮೀನಖಂಡ ಹಿಡಿದುಕೊಂಡು, ಕಣ್ಣು ಕೆಂಪಾಗಿ ಜ್ವರ ಬಂದರೆ ಅದು ಇಲಿಜ್ವರವಿರಬಹುದು. ಎರಡು ದಿನದಲ್ಲಿ ಇಳಿಯದಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಕೊಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮಾತು ತಡವರಿಸಿದರೆ, ಇಳಿದ ಜ್ವರ ಕೆಮ್ಮಿನೊಂದಿಗೆ ಮತ್ತೆ ಏರಿದರೆ ಒಂದು ಗಂಟೆಯೂ ಕಾಯಬಾರದು. ಕಲ್ಮಕಾರಿನಂಥ ಕಡೆಯಿಂದ ಸುಳ್ಯದ ಆಸ್ಪತ್ರೆ ತಲಪುವಷ್ಟರಲ್ಲಿ ಒಂದು ಮರ ರಸ್ತೆಗೆ ಬಿದ್ದಿರುತ್ತದೆ ಎಂಬುದನ್ನೂ ಲೆಕ್ಕದಲ್ಲಿಟ್ಟು ಹೊರಡಬೇಕು.

ನಾನು ನಿವೃತ್ತನಾಗುವ ವರ್ಷ, ಮಳೆಗಾಲದ ಒಂದು ಬೆಳಿಗ್ಗೆ ಒಳಗಿನ ಹಳ್ಳಿಯ ಹುಡುಗಿಯೊಬ್ಬಳು ಫೋನು ಮಾಡಿದಳು. “ಸರ್, ಜ್ವರ ಉಂಟು. ಇವತ್ತು ಬಂದರೆ ಆಗ್ತದಾ, ಬರಬಾರದಾ?” ಅಷ್ಟು ವರ್ಷದಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. “ಬರಬೇಡಮ್ಮ, ಮಲಗು” ಎಂದೆ. “ನೋಟ್ಸು?” ಎಂದಳು. ಅವಳ ಗೆಳತಿ ಆ ದಿನದ ನೋಟ್ಸನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸಂಜೆಯ ಜೀಪಿನವನ ಕೈಗೆ ಕೊಟ್ಟಳು. ಐದು ದಿನವೂ ಆ ಚೀಲ ಸ್ಟೀರಿಂಗಿನ ಹತ್ತಿರ ಕೂತು ಮಳೆಯಲ್ಲಿ ಹೋಗಿ ಬಂತು. ಆರನೆಯ ದಿನ ಹುಡುಗಿಯೂ ಅದೇ ಜೀಪಿನಲ್ಲಿ ಬಂದಳು. ಪಕ್ಕದಲ್ಲಿ ಕೂತವರಿಗೆ ಏನೂ ಆಗಿರಲಿಲ್ಲ.